ಏಳು ರೂಪಾಯಿಯ ದಿನಪತ್ರಿಕೆ: ಒಂದು ವರ್ಷ ಹಾಕಿಸಿಕೊಂಡು ಓದಿದ ಮೇಲೆ

ಕಳೆದ ಜುಲೈ 1ರಿಂದ ನಮ್ಮ ಮನೆಗೆ ಮತ್ತೆ ಪೇಪರ್ ಬರುತ್ತಿದೆ. ಅದಕ್ಕೂ ಮುಂಚೆ ಆರು ವರ್ಷ ನಿಲ್ಲಿಸಿಬಿಟ್ಟಿದ್ದೆವು. ಸುದ್ದಿ ಹೇಗೂ ಫೋನಿನಲ್ಲಿ ಸಿಗುತ್ತದಲ್ವಾ ಅಂತ ನಾನೇ ಬೇಡ ಅಂದಿದ್ದೆ. ಮತ್ತೆ ಶುರು ಮಾಡಿದ್ದು ನಮ್ಮ ಅತ್ತೆಗಾಗಿ. ಅವರಿಗೆ ಈಗ 84. ಫೋನಿನ ಅಕ್ಷರ ಅವರ ಕಣ್ಣಿಗೆ ನಿಲ್ಲುವುದಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗುಲಿಯಲ್ಲಿ ಸುಮ್ನೆ ಕೂತಿರುತ್ತಿದ್ದರು. ಅದನ್ನು ನೋಡಲಾಗದೆ ಏಜೆಂಟರಿಗೆ ಹೇಳಿ ಬಂದೆ.

ವರ್ಷ ತುಂಬಿದೆ. ಹಾಕಿಸಿಕೊಳ್ಳಬೇಕೋ ಬೇಡವೋ ಅಂತ ಯೋಚನೆಯಲ್ಲಿರುವ ಮನೆಗಳಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಯಾವ ಪತ್ರಿಕೆ ಅಂತ ಹೇಳುವುದಿಲ್ಲ. ಪಕ್ಕದ ಮನೆಗೆ ಬೇರೆ ಪತ್ರಿಕೆ ಬರುತ್ತದೆ. ಭಾನುವಾರ ಅದಲು ಬದಲು ಮಾಡಿಕೊಂಡು ಓದುತ್ತೇವೆ. ನಾನು ಹೇಳುವ ಒಳ್ಳೆಯದು, ಕೆಟ್ಟದ್ದು ಎರಡೂ ಆ ಎರಡು ಪತ್ರಿಕೆಗಳಲ್ಲೂ ಇವೆ.

ನಾನು ಭದ್ರಾವತಿಯವಳು. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿ ನಿವೃತ್ತಿಯಾದೆ. ಹಾಗಾಗಿ ಪೇಪರಿನಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಅಂಕಿಗಳ ಕಡೆಗೆ. ಮುಖಪುಟದ ರಾಜಕೀಯ ಆಮೇಲೆ. ಒಳಗಿನ ಜಿಲ್ಲಾ ಪುಟದಲ್ಲಿ ಮೂಲೆಗೆ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರಲ್ಲ, ಡ್ಯಾಂ ಮಟ್ಟ, ಮಳೆ, ಅಡಿಕೆ ಧಾರಣೆ, ಪಂಚಾಂಗ, ಸೂರ್ಯೋದಯ, ಸೂರ್ಯಾಸ್ತ. ನನ್ನ ಮಟ್ಟಿಗೆ ಏಳು ರೂಪಾಯಿ ಹುಟ್ಟುವುದು ಅಲ್ಲೇ. ಮನೆಯಲ್ಲಿ ಈ ವರ್ಷ ನಡೆದ ಮಾತುಕತೆಗಳಲ್ಲಿ ಮುಕ್ಕಾಲು ಪಾಲು ಆ ಸಣ್ಣ ಅಕ್ಷರಗಳಿಂದ ಹುಟ್ಟಿದವು.

ಮೊದಲನೆಯದು ಡ್ಯಾಂನಿಂದಲೇ ಶುರುವಾಯಿತು. ಮೊಮ್ಮಗಳು ಐದನೇ ಕ್ಲಾಸು. ಮಳೆಗಾಲದಲ್ಲಿ ಅವಳಿಗೆ ಒಂದು ಕೆಲಸ ಕೊಟ್ಟಿದ್ದೆ. ಭದ್ರಾ ಜಲಾಶಯದ ಮಟ್ಟ ದಿನಾ ಓದಿ ಅತ್ತೆಗೆ ಹೇಳಬೇಕು. ಒಂದು ದಿನ ಓದುತ್ತಾ ಓದುತ್ತಾ ನಿಂತಳು.

‘ಅಜ್ಜಿ, ಭದ್ರಾ ಗರಿಷ್ಠ ಮಟ್ಟ 186 ಅಡಿ. ಲಿಂಗನಮಕ್ಕಿ 1,819 ಅಡಿ. ಲಿಂಗನಮಕ್ಕಿ ಡ್ಯಾಂ ನಮ್ಮ ಡ್ಯಾಂಗಿಂತ ಹತ್ತು ಪಟ್ಟು ಎತ್ತರನಾ?’

ನಾನು ಐವತ್ತು ವರ್ಷದಿಂದ ಈ ಎರಡು ಅಂಕಿಗಳನ್ನು ಕೇಳಿಕೊಂಡು ಬಂದಿದ್ದೇನೆ. ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಎರಡೂ ಡ್ಯಾಂ ಕಣ್ಣಾರೆ ನೋಡಿದ್ದೇನೆ. ಹತ್ತು ಪಟ್ಟು ವ್ಯತ್ಯಾಸ ಖಂಡಿತ ಇಲ್ಲ. ಜೋಗದಲ್ಲಿ ಶರಾವತಿ ಬೀಳುವ ಎತ್ತರವೇ 830 ಅಡಿ. ಅದರ ಎರಡು ಪಟ್ಟಿಗಿಂತ ಎತ್ತರದ ಗೋಡೆ ಎಲ್ಲಿಂದ ಬರಬೇಕು? ಅದೇ ಪಟ್ಟಿಯಲ್ಲಿ ಕೆಳಗೆ ಗಾಜನೂರಿನ ತುಂಗಾ ಡ್ಯಾಂ ಇತ್ತು. ಅದು 588.24 ಮೀಟರ್. ಅಡಿಯೂ ಅಲ್ಲ! ಒಂದೇ ಜಿಲ್ಲೆಯ ಪುಟ, ಮೂರು ಡ್ಯಾಂ, ಮೂರು ಥರದ ಲೆಕ್ಕ.

ವಿಷಯ ಇಷ್ಟೇ. ಲಿಂಗನಮಕ್ಕಿಯ 1,819 ಅಡಿ ಸಮುದ್ರ ಮಟ್ಟದಿಂದ ಅಳೆದದ್ದು. ತುಂಗಾದ 588.24 ಮೀಟರ್ ಕೂಡ ಹಾಗೇ. ಅಡಿಗೆ ತಿರುಗಿಸಿದರೆ ಸುಮಾರು 1,930. ಹೊಸಪೇಟೆಯ ತುಂಗಭದ್ರಾ 1,633 ಅಡಿ, ಕಬಿನಿ 2,284 ಅಡಿ, ಹೇಮಾವತಿ 2,922 ಅಡಿ, ಆಲಮಟ್ಟಿ 519.60 ಮೀಟರ್, ಇವೆಲ್ಲ ಸಮುದ್ರದಿಂದ ಬಂದ ಅಂಕಿಗಳು. ನಮ್ಮ ಭದ್ರಾದ 186 ಅಡಿ, ಕೆ.ಆರ್.ಎಸ್.ನ 124.80 ಅಡಿ ಮಾತ್ರ ನದಿಯ ತಳದಿಂದ ಮೇಲಕ್ಕೆ ಎಣಿಸಿದ್ದು. ಬಾವಿಗೆ ಹಗ್ಗ ಇಳಿಸಿ ಎಷ್ಟು ಮಾರು ನೀರಿದೆ ಅಂತ ನೋಡುತ್ತೇವಲ್ಲ, ಹಾಗೆ. ಸಮುದ್ರದಿಂದ ಅಳೆದದ್ದು ಬೆಟ್ಟದ ಎತ್ತರ ಹೇಳಿದ ಹಾಗೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ ಮಗುವಿಗೆ ಗೊಂದಲ ಆಗದೆ ಇನ್ನೇನು?

ನನ್ನ ದೊಡ್ಡ ಆಕ್ಷೇಪ ಇಲ್ಲೇ ಇದೆ. ಪತ್ರಿಕೆ ಅಂಕಿ ಕೊಡುತ್ತದೆ. ಅದು ಏನನ್ನು ಹೇಳುತ್ತದೆ ಅಂತ ಬಿಡಿಸಿ ಹೇಳುವುದಿಲ್ಲ. ಪಟ್ಟಿಯ ಕೆಳಗೆ ಒಂದೇ ಒಂದು ಸಾಲು ಹಾಕಿದರೆ ಸಾಕು. ‘ಭದ್ರಾ ಮಟ್ಟ ನದಿ ತಳದಿಂದ, ಉಳಿದವು ಸಮುದ್ರ ಮಟ್ಟದಿಂದ.’ ಒಂದು ವರ್ಷದಲ್ಲಿ ಒಂದು ದಿನವೂ ಆ ಸಾಲು ಕಾಣಲಿಲ್ಲ.

ಕ್ಯೂಸೆಕ್ ಕೂಡ ಹಾಗೇ. ‘ಒಳಹರಿವು 12 ಸಾವಿರ ಕ್ಯೂಸೆಕ್’ ಅಂತ ದಿನಾ ಓದುತ್ತೇವೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ 28.3 ಲೀಟರ್. ಹೆಚ್ಚು ಕಡಿಮೆ ಎರಡು ದೊಡ್ಡ ಕೊಡ. ನಮ್ಮ ತಾರಸಿಯ ಸಾವಿರ ಲೀಟರ್ ಟ್ಯಾಂಕು 1 ಕ್ಯೂಸೆಕ್ ನೀರಿಗೆ 35 ಸೆಕೆಂಡಿನಲ್ಲಿ ತುಂಬಿಬಿಡುತ್ತದೆ. ಇದನ್ನು ಹೇಳಿದಾಗ ಮೊಮ್ಮಗಳು ಮೇಲೆ ಟ್ಯಾಂಕು, ಕೆಳಗೆ ಪೇಪರು, ಎರಡನ್ನೂ ನೋಡಿ ಬಾಯಿ ತೆರೆದು ನಿಂತಳು. ಇನ್ನು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಬಿಡದೆ ಹರಿದರೆ ಒಂದು ಟಿಎಂಸಿ. ಇದೊಂದು ಅಂಕಿ ನೆನಪಿಟ್ಟುಕೊಂಡರೆ ಮಳೆಗಾಲದ ಪೇಪರ್ ಓದುವ ರೀತಿಯೇ ಬದಲಾಗುತ್ತದೆ. ಒಳಹರಿವು 12 ಸಾವಿರ ಅಂದ ಕೂಡಲೇ, ಓ ಇವತ್ತು ಒಂದು ಟಿಎಂಸಿ ಬಂತು ಅಂತ ತಿಳಿಯುತ್ತದೆ. ಭದ್ರಾ ಪೂರ್ತಿ ಹಿಡಿಯುವುದು 71.5 ಟಿಎಂಸಿ. ಇನ್ನೆಷ್ಟು ದಿನಕ್ಕೆ ತುಂಬಬಹುದು ಅಂತ ಅತ್ತೆಯೇ ಬೆರಳು ಮಡಿಸುತ್ತಾರೆ.

ಈಗ ಹಾಕುವವರ ವಿಷಯ. ಕಳೆದ ತಿಂಗಳ ಬಿಲ್ಲು 230 ರೂಪಾಯಿ. ಅದರಲ್ಲಿ ಮನೆಗೆ ತಂದು ಹಾಕುವುದಕ್ಕೆ 20. ಹುಡುಗ ಪಿಯುಸಿ ಓದುತ್ತಾನೆ. ಸೈಕಲ್ಲಿನಲ್ಲಿ ಬರುತ್ತಾನೆ. ಆರೂಕಾಲರ ಹೊತ್ತಿಗೆ ಪೇಪರ್ ಕಿಟಕಿಯ ಸರಳಿನಲ್ಲಿ ಇರುತ್ತದೆ. ಮೊದಲ ತಿಂಗಳು ಅಂಗಳಕ್ಕೆ ಎಸೆಯುತ್ತಿದ್ದ. ಎರಡು ಸಲ ರಂಗೋಲಿಯ ನೀರಿನಲ್ಲಿ ನೆನೆಯಿತು. ‘ಅತ್ತೆ ಬಗ್ಗಿ ತೆಗೆಯಕ್ಕಾಗಲ್ಲ ಮಗಾ, ಕಿಟಕಿಗೆ ಸಿಕ್ಕಿಸು’ ಅಂದೆ. ಅವತ್ತಿನಿಂದ ಒಂದು ದಿನವೂ ತಪ್ಪಿಲ್ಲ. ಜೋರು ಮಳೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತರುತ್ತಾನೆ. ವರ್ಷದಲ್ಲಿ ಬಾರದ ದಿನ ನಾಲ್ಕು, ಅದೂ ಅವನ ಪರೀಕ್ಷೆಯ ಸಮಯ. ಹಬ್ಬದ ಮರುದಿನ ಪತ್ರಿಕೆಗೇ ರಜೆ ಇರುತ್ತದಲ್ಲ, ಅದು ಬೇರೆ. ಬಿಲ್ಲಿನಲ್ಲಿ ಎರಡು ತಿಂಗಳು ಆ ರಜೆಯ ದಿನಗಳನ್ನೂ ಸೇರಿಸಿದ್ದರು. ತೋರಿಸಿದ ಮೇಲೆ ಏಜೆಂಟರು ಸರಿ ಮಾಡಿಕೊಟ್ಟರು. ತಿಂಗಳ ಬಿಲ್ಲು ನೀವೂ ಒಮ್ಮೆ ಎಣಿಸಿ ನೋಡಿ.

ಮಳೆಯ ಅಂಕಿಯ ಬಗ್ಗೆ ನನಗೊಂದು ಕೋಪ ಇತ್ತು. ಹೋದ ಆಗಸ್ಟಿನಲ್ಲಿ ಒಂದು ಮಂಗಳವಾರ ರಾತ್ರಿ ಇಡೀ ಮಳೆ ಸುರಿಯಿತು. ಹೆಂಚು ಹಾರಿಹೋಗುವಂಥ ಮಳೆ. ಬುಧವಾರದ ಪೇಪರಿನಲ್ಲಿ ನಮ್ಮ ತಾಲ್ಲೂಕಿಗೆ 3 ಮಿಲಿಮೀಟರ್ ಅಂತ ಇತ್ತು. ಇವರು ಮಳೆ ನೋಡಿಯೇ ಇಲ್ಲ ಅಂದುಕೊಂಡೆ. ಆಮೇಲೆ ತಿಳಿಯಿತು. ಮಳೆ ಮಾಪನ ನೋಡುವುದು ಬೆಳಿಗ್ಗೆ ಎಂಟೂವರೆಗೆ. ಆ ಹೊತ್ತಿನವರೆಗಿನ 24 ಗಂಟೆಯ ಮಳೆ ಒಂದು ದಿನದ ಲೆಕ್ಕ. ಮಂಗಳವಾರ ರಾತ್ರಿಯ ಮಳೆಯನ್ನು ಅಳೆಯುವುದು ಬುಧವಾರ ಬೆಳಿಗ್ಗೆ. ಅಷ್ಟರಲ್ಲಿ ಬುಧವಾರದ ಪೇಪರ್ ನಮ್ಮ ಕೈಯಲ್ಲಿ ಇರುತ್ತದೆ. ಅಚ್ಚಾಗಿ ಬರುವುದು ಗುರುವಾರ. ಗುರುವಾರ ನೋಡಿದೆ. 71 ಮಿ.ಮೀ. ಇತ್ತು. ಹವಾಮಾನ ಇಲಾಖೆ 64.5 ಮಿ.ಮೀ.ಗಿಂತ ಜಾಸ್ತಿ ಬಿದ್ದರೆ ಅದನ್ನು ‘ಭಾರಿ ಮಳೆ’ ಅನ್ನುತ್ತದೆ. 115.6 ದಾಟಿದರೆ ‘ಅತಿ ಭಾರಿ’. ಸುದ್ದಿಯಲ್ಲಿ ಬರುವ ಈ ಮಾತುಗಳು ಯಾರೋ ಹೆದರಿಸಲು ಹಾಕಿದ ವಿಶೇಷಣ ಅಂದುಕೊಂಡಿದ್ದೆ. ಅವಕ್ಕೆ ಗೆರೆ ಹಾಕಿದ ಅಳತೆ ಇದೆ.

ಮಿಲಿಮೀಟರಿನಲ್ಲಿ ನೀರು ಅಳೆಯುವುದು ಹೇಗೆ ಅಂತ ಅತ್ತೆ ಕೇಳಿದರು. ನೀರನ್ನು ಸೇರಿನಲ್ಲಿ, ಲೀಟರಿನಲ್ಲಿ ಅಳೆಯಬೇಕಲ್ಲ? ಒಳ್ಳೆ ಪ್ರಶ್ನೆ. ಬಿದ್ದ ಮಳೆ ಹರಿಯದೆ, ಇಂಗದೆ ಬಿದ್ದಲ್ಲೇ ನಿಂತರೆ ಎಷ್ಟು ಎತ್ತರ ನಿಲ್ಲುತ್ತದೋ ಅದೇ ಆ ಅಂಕಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಬಿದ್ದರೆ ಸರಿಯಾಗಿ 1 ಲೀಟರ್. ನಮ್ಮ ತಾರಸಿ 900 ಚದರ ಅಡಿ, ಸುಮಾರು 84 ಚದರ ಮೀಟರ್. 71 ಮಿ.ಮೀ. ಬಿದ್ದ ಆ ಒಂದು ರಾತ್ರಿ ನಮ್ಮ ತಾರಸಿಯಿಂದಲೇ ಆರು ಸಾವಿರ ಲೀಟರಿಗೆ ಹತ್ತಿರ ನೀರು ಚರಂಡಿಗೆ ಹೋಗಿದೆ. ಈ ಲೆಕ್ಕ ಬರೆದ ದಿನ ಯಜಮಾನರು ಏನೂ ಮಾತಾಡಲಿಲ್ಲ. ಮುಂದಿನ ವಾರ ಪ್ಲಂಬರ್ ಕರೆಸಿ ತಾರಸಿಯ ಪೈಪನ್ನು ಸಂಪಿನ ತೊಟ್ಟಿಗೆ ತಿರುಗಿಸಿದರು. ಏಳು ರೂಪಾಯಿಯ ಪೇಪರಿನಿಂದ ಬಂದ ಲಾಭ ಅಂತ ಬರೆಯುವುದಾದರೆ ಇದನ್ನು ಮೊದಲು ಬರೆಯುತ್ತೇನೆ.

ನಮ್ಮದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿ.ಮೀ. ಮೀರಿ ಮಳೆ. ಅಂದರೆ ಏಳು ಮೀಟರ್. ಬಿದ್ದದ್ದೆಲ್ಲ ನಿಂತರೆ ಎರಡು ಅಂತಸ್ತಿನ ಮನೆ ಮುಳುಗುತ್ತದೆ. ಮೊಮ್ಮಗಳು ಇದನ್ನು ಸ್ಕೂಲಿನಲ್ಲಿ ಹೇಳಿದಳಂತೆ. ಟೀಚರ್ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರಂತೆ.

ಮಳೆ ಅಂದ ಕೂಡಲೇ ಪಂಚಾಂಗಕ್ಕೆ ಬರಬೇಕು. ಅತ್ತೆಗೆ ಪೇಪರ್ ಅಂದರೆ ಮೊದಲು ಅದೇ. ‘ಇವತ್ತು ಯಾವ ನಕ್ಷತ್ರ? ಮಳೆ ಯಾವುದು?’ ಎರಡು ಪ್ರಶ್ನೆ ಕೇಳುತ್ತಾರೆ. ಪತ್ರಿಕೆಯಲ್ಲೂ ಎರಡು ಹೆಸರು ಬೇರೆ ಬೇರೆ ಇರುತ್ತವೆ. ನಿತ್ಯ ನಕ್ಷತ್ರ ಒಂದು, ಮಳೆ ನಕ್ಷತ್ರ ಇನ್ನೊಂದು. ಒಂದೇ ದಿನಕ್ಕೆ ಎರಡು ನಕ್ಷತ್ರ ಹೇಗೆ ಅಂತ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅತ್ತೆಯೇ ಹೇಳಿದರು, ‘ಒಂದು ಚಂದ್ರನದು, ಒಂದು ಸೂರ್ಯನದು ಕಣಮ್ಮ.’

ಆಕಾಶದ ದಾರಿಯನ್ನು 27 ನಕ್ಷತ್ರಗಳ ಪಾಲು ಮಾಡಿದ್ದಾರೆ. ಚಂದ್ರ ಆ ದಾರಿಯನ್ನು 27 ದಿನ ಚಿಲ್ಲರೆಯಲ್ಲಿ ಸುತ್ತಿ ಮುಗಿಸುತ್ತಾನೆ. ಹಾಗಾಗಿ ದಿನಕ್ಕೊಂದು ನಕ್ಷತ್ರ. ಸೂರ್ಯನಿಗೆ ಅದೇ ದಾರಿಗೆ ಒಂದು ವರ್ಷ ಬೇಕು. 365ನ್ನು 27ರಿಂದ ಭಾಗಿಸಿ. ಹದಿಮೂರೂವರೆ ದಿನ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಅಂತ ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ ಇರುವುದು ಇದಕ್ಕೇ. ನಮ್ಮ ರೈತರ ಮಳೆ ಲೆಕ್ಕ ಸೂರ್ಯನ ಲೆಕ್ಕ. ಹಬ್ಬಗಳಂತೆ ಹಿಂದೆ ಮುಂದೆ ಆಗುವುದಿಲ್ಲ. ಪ್ರತಿ ವರ್ಷ ಅದೇ ತಾರೀಖಿನ ಆಸುಪಾಸಿನಲ್ಲಿ ಬರುತ್ತದೆ. ಬಿತ್ತನೆಗೆ ಬೇಕಾದ್ದೂ ಅದೇ ಅಲ್ವಾ, ಋತು ತಪ್ಪದ ಕ್ಯಾಲೆಂಡರ್? ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’ ಅಂತ ಅತ್ತೆ ಹೇಳುವ ಗಾದೆಗಳನ್ನು ನಾನು ಬರೀ ಮಾತಿನ ಚಂದ ಅಂದುಕೊಂಡಿದ್ದೆ. ಈಗ ಒಂದು ನೋಟ್‌ಬುಕ್ಕಿನಲ್ಲಿ ಒಂದೊಂದು ಮಳೆ ನಕ್ಷತ್ರಕ್ಕೆ ಒಂದೊಂದು ಪುಟ ಮಾಡಿ, ಆ ದಿನಗಳಲ್ಲಿ ಪೇಪರಿನಲ್ಲಿ ಬಂದ ಮಿಲಿಮೀಟರ್ ಬರೆದಿಡುತ್ತಿದ್ದೇನೆ. ಒಂದು ವರ್ಷಕ್ಕೆ ಏನೂ ಹೇಳಲಾಗುವುದಿಲ್ಲ. ಹತ್ತು ವರ್ಷ ಬರೆದರೆ ಗಾದೆಯನ್ನು ಅಂಕಿಯ ಪಕ್ಕದಲ್ಲಿಟ್ಟು ನೋಡಬಹುದು.

ಆದರೆ ಅದೇ ಚೌಕದಲ್ಲಿ ಬರುವ ಸೂರ್ಯೋದಯದ ಸಮಯಕ್ಕೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಅಲ್ಲಿ ಸಣ್ಣದಾಗಿ ‘ಬೆಂಗಳೂರು’ ಅಂತ ಇರುತ್ತದೆ. ನಮ್ಮ ಊರು ಬೆಂಗಳೂರಿಗಿಂತ ಪಶ್ಚಿಮಕ್ಕೆ ಸುಮಾರು ಎರಡು ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹಾಗಾಗಿ ಇಲ್ಲಿ ಸೂರ್ಯ ಏಳೆಂಟು ನಿಮಿಷ ತಡವಾಗಿ ಬರುತ್ತಾನೆ. ಶಿವಮೊಗ್ಗ ಆವೃತ್ತಿ ಅಂತ ಮೇಲೆ ಹಾಕಿ, ಸೂರ್ಯನನ್ನು ಮಾತ್ರ ಬೆಂಗಳೂರಿನಿಂದ ಯಾಕೆ ತರಬೇಕು?

ಏಪ್ರಿಲ್‌ನಲ್ಲಿ ‘ಶೂನ್ಯ ನೆರಳಿನ ದಿನ’ ಅಂತ ಸುದ್ದಿ ಬಂತು. ಅದೂ ಬೆಂಗಳೂರಿನ ತಾರೀಖು, 24. ಆ ದಿನ ಇಲ್ಲಿ ಅಂಗಳದಲ್ಲಿ ಚೊಂಬು ಇಟ್ಟರೆ ನೆರಳು ಪೂರ್ತಿ ಹೋಗಲಿಲ್ಲ. ಮೊಮ್ಮಗಳ ಮುಖ ಸಪ್ಪಗಾಯಿತು. ನಾವು ಬೆಂಗಳೂರಿಗಿಂತ ಸ್ವಲ್ಪ ಉತ್ತರಕ್ಕೆ ಇದ್ದೇವೆ. ನೆತ್ತಿಯ ಮೇಲೆ ಬರುವ ಸೂರ್ಯ ಏಪ್ರಿಲ್‌ನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಾನೆ. ನಮ್ಮ ಊರಿಗೆ ಮೂರು ದಿನ ತಡ. 27ನೇ ತಾರೀಖು ಮತ್ತೆ ಚೊಂಬು ಇಟ್ಟೆವು. ಹನ್ನೆರಡು ಗಂಟೆಗಲ್ಲ, ಹನ್ನೆರಡೂ ಇಪ್ಪತ್ತೈದರ ಸುಮಾರಿಗೆ ನೆರಳು ಚೊಂಬಿನ ಬುಡಕ್ಕೆ ಸೇರಿಕೊಂಡಿತು. ನಮ್ಮ ಗಡಿಯಾರ ನಡೆಯುವುದು ಪೂರ್ವದಲ್ಲಿರುವ 82.5 ಡಿಗ್ರಿ ರೇಖಾಂಶದ ಸಮಯದಲ್ಲಿ. ನಾವಿರುವುದು ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕೆ. ಅದಕ್ಕೇ ನಮ್ಮ ನಡುಮಧ್ಯಾಹ್ನ ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ಪಕ್ಕದ ಮನೆಯವರೂ ಬಂದು ನೋಡಿದರು. ಅತ್ತೆ ಕುರ್ಚಿ ಹಾಕಿಸಿಕೊಂಡು ಬಿಸಿಲಿನಲ್ಲೇ ಕೂತರು.

ಇನ್ನೊಂದು ವಿಷಯ ಸೂರ್ಯನ ಚೌಕದಿಂದಲೇ ಸಿಕ್ಕಿತು. ಡಿಸೆಂಬರ್ 21, 22 ವರ್ಷದ ಅತಿ ಸಣ್ಣ ಹಗಲು ಅಂತ ಪುಸ್ತಕದಲ್ಲಿದೆ. ಅವತ್ತು ಸೂರ್ಯ ಅತಿ ತಡವಾಗಿ ಏಳಬೇಕು ಅಂದುಕೊಂಡಿದ್ದೆವು. ಚೌಕ ಕತ್ತರಿಸಿ ಅಂಟಿಸುತ್ತಾ ಹೋದರೆ, ಸೂರ್ಯೋದಯ ಜನವರಿ ಅರ್ಧ ಕಳೆದರೂ ತಡವಾಗುತ್ತಲೇ ಇತ್ತು. ಸೂರ್ಯಾಸ್ತ ಮಾತ್ರ ನವೆಂಬರ್ ಕೊನೆಯಿಂದಲೇ ಮುಂದಕ್ಕೆ ಹೋಗಲು ಶುರುವಾಗಿತ್ತು. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ಓರೆ. ಹಾಗಾಗಿ ಆ ತಿಂಗಳುಗಳಲ್ಲಿ ನಡುಮಧ್ಯಾಹ್ನವೇ ದಿನಕ್ಕೆ ಅರ್ಧ ನಿಮಿಷದಷ್ಟು ಮುಂದೆ ಜರುಗುತ್ತದೆ. ಏಳುವುದು, ಮುಳುಗುವುದು ಎರಡನ್ನೂ ಅದು ಜೊತೆಗೆ ಎಳೆದುಕೊಂಡು ಹೋಗುತ್ತದೆ. ‘ಸಂಕ್ರಾಂತಿ ಕಳೆಯೋವರೆಗೆ ಬೆಳಿಗ್ಗೆ ಬೇಗ ಬೆಳಕಾಗಲ್ಲ’ ಅಂತ ಅತ್ತೆ ಪ್ರತಿ ವರ್ಷ ಹೇಳುತ್ತಿದ್ದರು. ಚಳಿಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಕಣ್ಣಿನಿಂದ ನೋಡಿಯೇ ಹೇಳುತ್ತಿದ್ದರು.

ಅಡಿಕೆ ಧಾರಣೆಯ ಬಗ್ಗೆ ಬರೆಯದಿದ್ದರೆ ನಮ್ಮ ಕಡೆಯವರು ಬಿಡುವುದಿಲ್ಲ. ಶಿವಮೊಗ್ಗ ಮಾರುಕಟ್ಟೆಯ ಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಾಲ್ಕು ಹೆಸರು. ತಮ್ಮನ ತೋಟ ಚನ್ನಗಿರಿ ಕಡೆ ಇದೆ. ಅವನನ್ನು ಕೇಳಿದೆ. ‘ಎಳೇ ಕಾಯಿಂದ ಮಾಡಿದ್ದು ಸರಕು ಅಕ್ಕ, ಅದಕ್ಕೇ ರೇಟು ಜಾಸ್ತಿ. ಸ್ವಲ್ಪ ಬಲಿತಿದ್ದು ಬೆಟ್ಟೆ. ಬೇರೆ ಮಾಡದೆ ಒಟ್ಟಿಗೆ ಬೇಯಿಸಿದ್ದು ರಾಶಿ. ಬಲಿತು ಹೋಗಿದ್ದು ಗೊರಬಲು’ ಅಂದ. ಅಡಿಕೆ ಬೇಯಿಸಿದ ನೀರನ್ನೇ ಗಟ್ಟಿ ಮಾಡಿದ ಚೊಗರಿನಿಂದ ಆ ಕೆಂಪು ಬಣ್ಣ ಬರುತ್ತದೆ ಅಂತಲೂ ಹೇಳಿದ. ಬೇರೆ ಎಷ್ಟೋ ಹಣ್ಣು ಕಾಯಿ ಬಲಿತಷ್ಟೂ ಬೆಲೆ. ಇದರಲ್ಲಿ ಎಳೆಯದಕ್ಕೆ ಬೆಲೆ. ಈ ಪಟ್ಟಿ ಪತ್ರಿಕೆಯಲ್ಲಿ ತಪ್ಪದೆ, ಸರಿಯಾಗಿ ಬರುತ್ತದೆ. ತಮ್ಮ ಮಂಡಿಯಲ್ಲಿ ಕೇಳಿದ ದರಕ್ಕೂ ಪೇಪರಿನ ದರಕ್ಕೂ ಎಷ್ಟೋ ಸಲ ತಾಳೆ ನೋಡಿದ್ದೇವೆ.

ಪದಬಂಧಕ್ಕೂ ಒಂದು ಮಾತು. ಅತ್ತೆ ಭೂತಗನ್ನಡಿ ಹಿಡಿದು ಬಿಡಿಸುತ್ತಾರೆ. ಇಂಗ್ಲಿಷಿನದರಲ್ಲಿ ಒಂದು ಮನೆಗೆ ಒಂದು ಅಕ್ಷರ ಅಷ್ಟೇ. ನಮ್ಮದರಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿದ ಪೂರ್ತಿ ಅಕ್ಷರ ಒಂದು ಮನೆಗೆ. ‘ಲಕ್ಷ್ಮಿ’ ಎರಡೇ ಮನೆ. ಮೊಮ್ಮಗಳು ಮೊದಲು ಐದು ಮನೆ ಹುಡುಕುತ್ತಿದ್ದಳು. ಕನ್ನಡದಲ್ಲಿ ಅಕ್ಷರ ಅಂದರೆ ಬಾಯಲ್ಲಿ ಒಂದೇ ಸಲಕ್ಕೆ ಹೊರಡುವ ಸದ್ದು ಅಂತ ಅವಳಿಗೆ ತಿಳಿದದ್ದು ವ್ಯಾಕರಣದ ಪುಸ್ತಕದಿಂದ ಅಲ್ಲ, ಈ ಚೌಕಗಳಿಂದ.

ಇನ್ನು ವಸ್ತುವಾಗಿ ಪೇಪರ್ ಹೇಗಿದೆ? ಇಲ್ಲಿ ನಾನು ಸ್ವಲ್ಪ ಹೆಚ್ಚು ಹೇಳುತ್ತೇನೆ. ನಮ್ಮ ತಂದೆ ಎಂಪಿಎಂನಲ್ಲಿ ಇದ್ದರು. 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್. 80ರ ದಶಕದಲ್ಲಿ ಇಲ್ಲಿ ಪತ್ರಿಕೆಗೆ ಬೇಕಾದ ನ್ಯೂಸ್‌ಪ್ರಿಂಟ್ ತಯಾರಾಗುತ್ತಿತ್ತು. ಅಪ್ಪ ಶಿಫ್ಟ್ ಮುಗಿಸಿ ಬಂದರೆ ಬಟ್ಟೆಗೆ ಬೆಂದ ಬಿದಿರಿನ ವಾಸನೆ. ಈಗ ಮಿಲ್ ನಿಂತಿದೆ. ಬಡಾವಣೆಗೆ ಪೇಪರ್ ಟೌನ್ ಅನ್ನುವ ಹೆಸರು ಉಳಿದಿದೆ. ನಾನು ಓದುವ ಪೇಪರಿನ ಕಾಗದ ಎಲ್ಲಿಂದ ಬರುತ್ತದೋ. ಆದರೆ ಕೈಗೆ ಸಿಕ್ಕಾಗಲೆಲ್ಲ ಅಪ್ಪ ಹೇಳಿದಂತೆ ಒಂದು ಮೂಲೆ ಹರಿದು ನೋಡುತ್ತೇನೆ.

ನೀವೂ ನೋಡಿ. ಮೇಲಿನಿಂದ ಕೆಳಕ್ಕೆ ಹರಿದರೆ ಗೆರೆ ಎಳೆದ ಹಾಗೆ ನೆಟ್ಟಗೆ ಹರಿಯುತ್ತದೆ. ಅಡ್ಡಕ್ಕೆ ಹರಿದರೆ ಎಲ್ಲೆಲ್ಲೋ ಹೋಗುತ್ತದೆ. ಮಷೀನಿನ ಮೇಲೆ ತೊಳೆದ ತಿರುಳು ಓಡುವಾಗ ನಾರುಗಳು ಓಡುವ ದಿಕ್ಕಿಗೇ ಮಲಗುತ್ತವೆ. ಹೊಳೆಯಲ್ಲಿ ಕಡ್ಡಿಗಳು ಹರಿವಿನ ಉದ್ದಕ್ಕೆ ತಿರುಗಿಕೊಳ್ಳುವ ಹಾಗೆ. ಅಚ್ಚಿನ ಮಷೀನಿನಲ್ಲೂ ಕಾಗದದ ಸುರುಳಿ ಅದೇ ದಿಕ್ಕಿನಲ್ಲಿ ಬಿಚ್ಚಿಕೊಳ್ಳುತ್ತದೆ. ಪುಟದ ಮೇಲಂಚು, ಕೆಳಂಚು ಗರಗಸದ ಹಲ್ಲಿನ ಹಾಗೆ ಇರುತ್ತದಲ್ಲ, ಓಡುವ ಸುರುಳಿಯನ್ನು ಹಲ್ಲಿನ ಬ್ಲೇಡ್ ಕತ್ತರಿಸಿದ ಗುರುತು ಅದು.

ಹಳದಿಯಾಗುವುದೂ ಹಾಗೆ ಅಪ್ಪನಿಂದ ಕೇಳಿದ್ದು. ಮರದಲ್ಲಿ ನಾರನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಅನ್ನುವ ವಸ್ತು ಇದೆ. ನೋಟ್‌ಬುಕ್ಕಿನ ಕಾಗದಕ್ಕೆ ಅದನ್ನು ತೆಗೆದುಹಾಕುತ್ತಾರೆ. ನ್ಯೂಸ್‌ಪ್ರಿಂಟ್ ಅಗ್ಗವಾಗಿರಬೇಕು, ಒಂದು ದಿನ ಬಾಳಿದರೆ ಸಾಕು. ಹಾಗಾಗಿ ತುಂಬಾ ಪಾಲು ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿಯಾಗುತ್ತದೆ. ಬೇಸಿಗೆಯಲ್ಲಿ ಮೊಮ್ಮಗಳು ಒಂದು ಖಾಲಿ ಅಂಚಿನ ಮೇಲೆ ನೇರಳೆ ಎಲೆ ಇಟ್ಟು, ಮೇಲೆ ಗಾಜು ಮುಚ್ಚಿ ತಾರಸಿಯಲ್ಲಿ ನಾಲ್ಕು ದಿನ ಬಿಟ್ಟಳು. ಸುತ್ತ ಹಳದಿ, ನಡುವೆ ಬಿಳಿ ಎಲೆಯ ಆಕಾರ. ಅದನ್ನು ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆ.

ಕೈಗೆ ಶಾಯಿ ಅಂಟುತ್ತದೆ ಅನ್ನುವುದು ಅತ್ತೆಯ ದೂರು. ಬಿಳಿ ಸೀರೆಯ ದಿನ ಪೇಪರನ್ನು ಮಣೆಯ ಮೇಲಿಟ್ಟು ಓದುತ್ತಾರೆ. ಪತ್ರಿಕೆಯ ಶಾಯಿ ಬಣ್ಣದ ಹಾಗೆ ಒಣಗುವುದಿಲ್ಲ. ಅದರ ಎಣ್ಣೆಯನ್ನು ಕಾಗದ ಹೀರಿಕೊಳ್ಳುತ್ತದೆ, ಕಪ್ಪು ಪುಡಿ ಮೇಲೆ ಉಳಿಯುತ್ತದೆ. ಅದಕ್ಕೇ ಉಜ್ಜಿದರೆ ಬರುತ್ತದೆ. ಬಜ್ಜಿಯ ಎಣ್ಣೆ ಇಳಿಸಲು ಪೇಪರ್ ಹಾಸುವುದನ್ನು ನಾವು ಪೂರ್ತಿ ಬಿಟ್ಟಿದ್ದೇವೆ. ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಬೇಡಿ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ. ಬಿಸಿ ಎಣ್ಣೆ ಶಾಯಿಯನ್ನು ಎಳೆದುಕೊಳ್ಳುತ್ತದೆ. ನಮ್ಮ ಬೀದಿಯ ಬೋಂಡಾ ಅಂಗಡಿಯವರಿಗೂ ಹೇಳಿದೆ. ಈಗ ಮುತ್ತುಗದ ಎಲೆ ಇಟ್ಟುಕೊಡುತ್ತಾರೆ.

ಬಣ್ಣದ ಪುಟಗಳಲ್ಲಿ ತಿಂಗಳಿಗೆ ಎರಡು ಮೂರು ದಿನ ಚಿತ್ರ ಎರಡೆರಡಾಗಿ ಕಾಣುತ್ತದೆ. ಪುಟದ ಅಂಚಿನಲ್ಲಿ ನೀಲಿ, ಕೆಂಗುಲಾಬಿ, ಹಳದಿ, ಕಪ್ಪು ನಾಲ್ಕು ಸಣ್ಣ ಬೊಟ್ಟುಗಳಿರುತ್ತವೆ, ನೋಡಿದ್ದೀರಾ? ಎಲ್ಲ ಚಿತ್ರಗಳೂ ಆ ನಾಲ್ಕೇ ಬಣ್ಣಗಳ ಚುಕ್ಕಿಗಳಿಂದ ಆದದ್ದು. ಒಂದೊಂದು ಬಣ್ಣ ಒಂದೊಂದು ತಟ್ಟೆಯಿಂದ ಬೀಳುತ್ತದೆ. ಒಂದು ತಟ್ಟೆ ಕೂದಲಿನಷ್ಟು ಸರಿದರೂ ಮುಖಕ್ಕೆ ಎರಡು ಮೂಗು. ಅತ್ತೆಯ ಭೂತಗನ್ನಡಿಯಲ್ಲಿ ಹಸಿರು ಗದ್ದೆಯ ಚಿತ್ರ ನೋಡಿದರೆ ಹಸಿರು ಎಲ್ಲೂ ಇಲ್ಲ. ನೀಲಿ ಮತ್ತು ಹಳದಿ ಚುಕ್ಕಿ ಮಾತ್ರ. ಇದನ್ನು ನೋಡಲು ಆ ದಿನ ಮನೆಯಲ್ಲಿ ಸಾಲು ನಿಂತಿದ್ದೆವು.

ಜುಲೈ 1ರಂದು ನಾನು ಪೇಪರ್ ಶುರು ಮಾಡಿದ್ದು ಯೋಚಿಸಿ ಅಲ್ಲ, ತಿಂಗಳ ಮೊದಲ ದಿನ ಅಂತ. ಅದೇ ದಿನದ ಪೇಪರಿನಲ್ಲಿ ಪತ್ರಿಕಾ ದಿನ ಅಂತ ಬಂದಿತ್ತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ, ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಅಕ್ಷರ ಮೂಡಿಸಿ ಒಂದೊಂದೇ ಹಾಳೆ ಒತ್ತಿ ತೆಗೆಯಬೇಕಿತ್ತು. ಆ ಪುಟವನ್ನು ಕತ್ತರಿಸಿ ನೋಟ್‌ಬುಕ್ಕಿನ ಮೊದಲ ಹಾಳೆಗೆ ಅಂಟಿಸಿದ್ದೇನೆ.

ಫೋನಿನಲ್ಲಿ ಇದೆಲ್ಲ ಸಿಗುವುದಿಲ್ಲವಾ ಅಂತ ಮಗ ಕೇಳಿದ. ಸಿಗುತ್ತದೆ. ಕೇಳಿದರೆ ಸಿಗುತ್ತದೆ. ಲಿಂಗನಮಕ್ಕಿಯ ಮಟ್ಟ ಎಷ್ಟು ಅಂತ ನಾನು ಯಾವತ್ತೂ ಫೋನನ್ನು ಕೇಳುತ್ತಿರಲಿಲ್ಲ. ಪೇಪರ್ ಅದನ್ನು ಭದ್ರಾದ ಪಕ್ಕದಲ್ಲಿ ತಂದಿಟ್ಟಿತು. ಪಕ್ಕಪಕ್ಕ ಕಂಡಿದ್ದಕ್ಕೆ ಮಗು ಕೇಳಿದಳು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಹಿಡಿದಿಟ್ಟಿರುವುದು ಆ ಡ್ಯಾಂ ಪಟ್ಟಿಯ ಕೆಳಗಿನ ಒಂದು ಸಾಲಿಗೆ, ನಮ್ಮೂರಿನ ಸೂರ್ಯೋದಯಕ್ಕೆ. ಸಂಪಾದಕರಿಗೆ ಕಾಗದ ಬರೆದು ಎರಡನ್ನೂ ಕೇಳಿದ್ದೇನೆ. ಮನೆಯಲ್ಲಿ ಮಕ್ಕಳು ಅಥವಾ ವಯಸ್ಸಾದವರು ಇ‌ದ್ದರೆ ಖಂಡಿತ ಹಾಕಿಸಿಕೊಳ್ಳಿ. ಇಬ್ಬರೂ ಇದ್ದರೆ ಇನ್ನೂ ಒಳ್ಳೆಯದು. ಅತ್ತೆಗೆ ಗೊತ್ತಿರುವುದು ಮಗುವಿಗೆ ಗೊತ್ತಿಲ್ಲ, ಮಗು ಕೇಳುವುದನ್ನು ಅತ್ತೆ ಕೇಳುವುದಿಲ್ಲ. ಜಾಹೀರಾತು ಜಾಸ್ತಿ ಇರುವ ಹಬ್ಬದ ದಿನಗಳಲ್ಲಿ ಜಿಲ್ಲಾ ಪುಟವನ್ನು ಹುಡುಕಬೇಕಾಗುತ್ತದೆ, ಅಷ್ಟೇ.

ನಿನ್ನೆ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಪೇಪರ್ ಹಾಕುವ ಹುಡುಗನ ಮನೆ ಹೊಳೆಯ ದಂಡೆಯ ತಗ್ಗಿನಲ್ಲಿದೆ. ಡ್ಯಾಂನಿಂದ ಜಾಸ್ತಿ ನೀರು ಬಿಟ್ಟರೆ ಅವರು ಸಾಮಾನು ಮೇಲಕ್ಕೆ ಎತ್ತಿಡಬೇಕು. ಹಾಗಾಗಿ ಪೇಪರ್ ಕಟ್ಟು ಬಿಚ್ಚಿದ ಕೂಡಲೇ ಅವನೂ ಮೊದಲು ನೋಡುವುದು ಆ ಪಟ್ಟಿಯನ್ನೇ. ಇದು ನನಗೆ ತಿಳಿದದ್ದು ಈಚೆಗೆ. ಸೈಕಲ್ ನಿಲ್ಲಿಸಿ ಪೇಪರನ್ನು ಕಿಟಕಿಗೆ ಸಿಕ್ಕಿಸುತ್ತಾ ಒಳಗಿದ್ದ ಅತ್ತೆಗೆ ಕೇಳುವ ಹಾಗೆ ಜೋರಾಗಿ ಕೂಗಿದ.

‘ಅಜ್ಜೀ, ಇವತ್ತು 172. ಇನ್ನು ಹದಿನಾಲ್ಕು ಅಡಿ ಬಾಕಿ.’